ಊರೆಲ್ಲ ಒಪ್ಪಿದರೂ ಆಗದ ಕೆಲಸಗಳು

ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರ ಬಂತೆಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: "ಊರೆಲ್ಲಾ ಒಪ್ಪೈತಿ, ಇನ್ನೇನ ಕೇಳ್ತೀರಿ?" ದೈವ, ಅಂದರೆ ಊರ ಸಭೆ, ಕೂಡಿ ಹಿರಿಯರು ಹೇಳಿದರೆ ಮುಗಿಯಿತು, ಪ್ರಜಾಪ್ರಭುತ್ವ ಎಂದರೆ ಅದೇ ಎಂಬ ಗಟ್ಟಿ ನಂಬಿಕೆ ಈ ಮಾತಿನ ಹಿಂದಿದೆ. ಇನ್ನೊಂದು ಕಡೆ, ಭಾರತ ಗಣರಾಜ್ಯವೇ ಹೊರತು ಪ್ರಜಾಪ್ರಭುತ್ವವಲ್ಲ ಎನ್ನುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿವೆ. ಎರಡೂ ತಪ್ಪು. ಆದರೆ ಮೊದಲನೆಯದರಿಂದ ಬಡವರ ಬದುಕಿಗೆ ನೇರ ಪೆಟ್ಟು ಬೀಳುತ್ತದೆ. ಹಾಗಾಗಿ ಎರಡನೆಯದನ್ನು ಬೇಗ ಮುಗಿಸಿ ಅದಕ್ಕೆ ಬರುತ್ತೇನೆ.

ನಂಬಿಕೆ: ಗಣರಾಜ್ಯ ಬೇರೆ, ಪ್ರಜಾಪ್ರಭುತ್ವ ಬೇರೆ, ಒಂದಿದ್ದಲ್ಲಿ ಇನ್ನೊಂದು ಇರದು

ಈ ವಾದ ಬಂದದ್ದು ಅಮೆರಿಕದಿಂದ. 1787ರಲ್ಲಿ ಜೇಮ್ಸ್ ಮ್ಯಾಡಿಸನ್ ಬರೆಯುವಾಗ, ಜನರೇ ಒಂದೆಡೆ ಸೇರಿ ನೇರವಾಗಿ ತೀರ್ಮಾನ ಮಾಡುವುದನ್ನು ಪ್ರಜಾಪ್ರಭುತ್ವ ಎಂದೂ ಪ್ರತಿನಿಧಿಗಳನ್ನು ಆರಿಸಿ ಅವರ ಮೂಲಕ ಆಳುವುದನ್ನು ಗಣರಾಜ್ಯ ಎಂದೂ ಕರೆದರು. ಆ ಲೆಕ್ಕದಲ್ಲಿ ನಮ್ಮ ಗ್ರಾಮಸಭೆ ಪ್ರಜಾಪ್ರಭುತ್ವ, ಗ್ರಾಮ ಪಂಚಾಯಿತಿ ಗಣರಾಜ್ಯ. ಇಂದಿನ ರಾಜ್ಯಶಾಸ್ತ್ರ ಸಾಮಾನ್ಯವಾಗಿ ಈ ಎರಡನ್ನು ಹಾಗೆ ಎದುರುಬದುರು ನಿಲ್ಲಿಸುವುದಿಲ್ಲ.

ಯಾರು ಆಳಬೇಕೆಂಬುದನ್ನು ಜನ ತೀರ್ಮಾನಿಸಿದರೆ ಪ್ರಜಾಪ್ರಭುತ್ವ. ದೇಶದ ಅತಿ ಎತ್ತರದ ಪೀಠ ಒಂದು ಮನೆತನದ ಸೊತ್ತಾಗದೆ ಯಾವ ಪ್ರಜೆಗೂ ತೆರೆದಿದ್ದರೆ ಗಣರಾಜ್ಯ. ಗೆದ್ದವರ ಅಧಿಕಾರಕ್ಕೆ ಬರಹದಲ್ಲಿ ಎಲ್ಲೆ ಹಾಕುವುದು ಸಂವಿಧಾನ. ಬ್ರಿಟನ್, ಜಪಾನ್‌ಗಳಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ. ಚೀನಾ ತನ್ನನ್ನು ಗಣರಾಜ್ಯ ಎಂದು ಕರೆದುಕೊಳ್ಳುತ್ತದೆ, ಆದರೆ ಅಲ್ಲಿನ ಜನ ಆಳುವ ಪಕ್ಷವನ್ನು ಮತ ಹಾಕಿ ಇಳಿಸಲಾರರು. ನಮ್ಮಲ್ಲಿ 1947ರ ಆಗಸ್ಟ್ 15ರ ನಂತರವೂ ಎರಡು ವರ್ಷಕ್ಕೆ ಮೀರಿ ಆರನೇ ಜಾರ್ಜ್ ದೊರೆಯೇ ಮುಖ್ಯಸ್ಥನಾಗಿದ್ದ, ಅವನ ಹೆಸರಿನಲ್ಲಿ ಗವರ್ನರ್ ಜನರಲ್ ಇದ್ದರು. ದೊರೆಯ ಹೆಸರು ಅಳಿದದ್ದು 1950ರ ಜನವರಿ 26ರಂದು.

ಅಂದು ಏನು ಬದಲಾಯಿತೆಂದು ತಿಳಿಯಲು ಬಿ.ಡಿ. ಜತ್ತಿಯವರನ್ನು ನೋಡಬೇಕು. ಹುಟ್ಟಿದ್ದು ಜಮಖಂಡಿ ಬಳಿಯ ಸಾವಳಗಿಯಲ್ಲಿ. ಜಮಖಂಡಿ ಆಗ ಪಟವರ್ಧನ ದೊರೆಗಳ ಸಂಸ್ಥಾನ, ಅಲ್ಲಿ ಜತ್ತಿ ಮಂತ್ರಿಯಾಗಿದ್ದರು. ಎಷ್ಟೇ ಜಾಣನಾಗಿದ್ದರೂ ಮಂತ್ರಿ ಆ ಗಾದಿಯ ಮೇಲೆ ಕೂಡುವಂತಿರಲಿಲ್ಲ. ಅದೇ ಮನುಷ್ಯ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಅವರೇ ಹಂಗಾಮಿ ರಾಷ್ಟ್ರಪತಿಯಾದರು. ಆ ಏಪ್ರಿಲ್‌ನಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಸಲಹೆ ಕೊಟ್ಟಾಗ ಜತ್ತಿ ಕೂಡಲೇ ಸಹಿ ಹಾಕಲಿಲ್ಲ, ಹಿಂದೇಟು ಹಾಕಿ ಆಮೇಲೆ ಹಾಕಿದರು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧ ಎಂದು ಸಂವಿಧಾನದಲ್ಲೇ ಬರೆದಿತ್ತು. ಸಾವಳಗಿಯ ಸಾಮಾನ್ಯ ಮನೆತನದ ಹುಡುಗ ರಾಷ್ಟ್ರಪತಿ ಭವನ ತಲುಪಿದ್ದು ಗಣರಾಜ್ಯದಿಂದ. ಅಲ್ಲಿ ಕೂತ ಮೇಲೆ ಮನಸ್ಸಿಗೆ ಬಂದಂತೆ ಮಾಡಲಾಗದೆ ಹೋದದ್ದು ಸಂವಿಧಾನದಿಂದ.

ನಂಬಿಕೆ: ಹೆಚ್ಚು ಮಂದಿ ಹೇಳಿದ್ದೇ ಕಾಯ್ದೆ

2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಆಗ ಹಲವು ಜಿಲ್ಲೆಗಳಿಂದ ಸದಸ್ಯ ಸ್ಥಾನ ಹರಾಜಾದ ಸುದ್ದಿ ಬಂತು. ಹೆಚ್ಚು ಕೂಗಿದವನಿಗೆ ಸ್ಥಾನ, ಬಂದ ದುಡ್ಡು ಗುಡಿಯ ಜೀರ್ಣೋದ್ಧಾರಕ್ಕೆ, ಉಳಿದವರು ನಾಮಪತ್ರ ಹಾಕುವಂತಿಲ್ಲ. ರಾಜ್ಯ ಚುನಾವಣಾ ಆಯೋಗ ಇದು ಅಪರಾಧ ಎಂದು ಎಚ್ಚರಿಸಿತು. ಹರಾಜು ಮಾಡಿದವರಲ್ಲಿ ಅನೇಕರಿಗೆ ಅದು ತಪ್ಪೆಂದೇ ಅನ್ನಿಸಿರಲಿಲ್ಲ. ಜಗಳ ಇಲ್ಲ, ಖರ್ಚಿಲ್ಲ, ಊರಿಗೊಂದು ಗುಡಿ, ಎಲ್ಲರೂ ಒಪ್ಪಿದ್ದಾರೆ.

ಯಾರ ಒತ್ತಾಯವೂ ಇಲ್ಲದೆ ಒಬ್ಬರೇ ನಾಮಪತ್ರ ಹಾಕಿ ಅವಿರೋಧವಾಗಿ ಗೆದ್ದರೆ ಕಾಯ್ದೆ ಅದನ್ನು ಒಪ್ಪುತ್ತದೆ. ತಕರಾರು ಇರುವುದು ನಾಮಪತ್ರ ಹಾಕಬೇಡ ಎನ್ನುವಲ್ಲಿ. ಹರಾಜು ಕೂಗಿದಾಗ ಕಟ್ಟೆಯ ಮೇಲೆ ಯಾರಿದ್ದರು? ಕೂಲಿಗೆ ಹೋದ ಹೆಣ್ಣುಮಕ್ಕಳು ಇದ್ದರೇ? ಕೇರಿಯವರನ್ನು ಕರೆದಿದ್ದರೇ? ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರನ್ನು ಕೇಳಿದ್ದರೇ? ಊರು ಎಂದಾಗ ಲೆಕ್ಕಕ್ಕೆ ಬರುವವರು ಯಾರು, ಬರದವರು ಯಾರು ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುವಾಗ ಅಂಬೇಡ್ಕರ್ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಮೂಲ ಘಟಕವಾಗಿ ತೆಗೆದುಕೊಂಡಿದ್ದನ್ನು ಗಟ್ಟಿಯಾಗಿ ಸಮರ್ಥಿಸಿದ್ದು ಇದೇ ಕಾರಣಕ್ಕೆ. ಹಳ್ಳಿಯ ಮೇಲೆ ಪ್ರೀತಿಯಿದ್ದ ಹಲವು ಸದಸ್ಯರಿಗೆ ಅದು ನೋವು ತಂದಿತು. ನನಗೆ ಮಾತ್ರ ಅಂಬೇಡ್ಕರ್ ಕಂಡದ್ದೇ ಸರಿ ಎನ್ನಿಸುತ್ತದೆ.

ಆಮೇಲೆ 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಹಳ್ಳಿಗೂ ಸಂವಿಧಾನದಲ್ಲಿ ಜಾಗ ಕೊಟ್ಟಿತು, ಆದರೆ ಕಟ್ಟುಪಾಡುಗಳ ಸಮೇತ. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕಂತೆ ಸ್ಥಾನ, ಹೆಣ್ಣುಮಕ್ಕಳಿಗೆ ಕನಿಷ್ಠ ಮೂರರಲ್ಲಿ ಒಂದು ಪಾಲು. ಕರ್ನಾಟಕದಲ್ಲಿ ಅದು ಈಗ ಅರ್ಧ. ಇಡೀ ಊರು ಗಂಡಸರೇ ಸಾಕು ಎಂದು ಠರಾವು ಮಾಡಿದರೂ ಆ ಸ್ಥಾನ ಹೆಣ್ಣುಮಗಳದೇ.

ಬಹಿಷ್ಕಾರದ ಮಾತೂ ಅಷ್ಟೆ. ದೈವ ಕೂಡಿ ಒಂದು ಮನೆಗೆ ಕಿರಾಣಿ ಕೊಡಬಾರದು, ಗಿರಣಿಯಲ್ಲಿ ಹಿಟ್ಟು ಬೀಸಿ ಕೊಡಬಾರದು, ಕ್ಷೌರ ಮಾಡಬಾರದು ಎಂದು ಗೆರೆ ಎಳೆದರೆ, ಆ ಮನೆ ಪರಿಶಿಷ್ಟರದಾಗಿದ್ದಲ್ಲಿ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿ ಸಾಮಾಜಿಕ ಬಹಿಷ್ಕಾರವನ್ನು ಹೆಸರು ಹಿಡಿದೇ ಅದರಲ್ಲಿ ಸೇರಿಸಿದೆ. ಅಸ್ಪೃಶ್ಯತೆಯನ್ನು 17ನೇ ವಿಧಿ 1950ರಲ್ಲೇ ತೆಗೆದುಹಾಕಿತ್ತು. ಬಾವಿ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಮತಕ್ಕೆ ಹಾಕಲು ಬರುವುದಿಲ್ಲ.

ನಂಬಿಕೆ: ಅನುಭವ ಮಂಟಪ ಇಂದಿನ ಸಂಸತ್ತಿನಂತೆಯೇ ಇತ್ತು

ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಿ ಈ ಮಾತನ್ನು ಹೆಮ್ಮೆಯಿಂದ ಹೇಳುತ್ತಾರೆ, ಆ ಹೆಮ್ಮೆಗೆ ಆಧಾರವೂ ಇದೆ. 12ನೇ ಶತಮಾನದ ಕಲ್ಯಾಣದ ಈ ಮಂಟಪದಲ್ಲಿ ಸಮಗಾರ, ಅಂಬಿಗ, ಮಡಿವಾಳ ಕಾಯಕದವರು, ಹೆಣ್ಣುಮಕ್ಕಳು ಸರಿಸಮನಾಗಿ ಕೂತು ಚರ್ಚಿಸಿದರು. ಮನುಷ್ಯರೆಲ್ಲ ಸಮಾನರು ಎಂಬ ಅರಿವು, ಎದುರು ಮಾತಾಡುವ ಧೈರ್ಯ, ಪ್ರಜಾಪ್ರಭುತ್ವದ ಜೀವವೇ ಆದ ಈ ಎರಡೂ ಅಲ್ಲಿದ್ದವು.

ಆದರೆ ರಾಜ್ಯ ಬಿಜ್ಜಳನದು. ಬಸವಣ್ಣನವರು ಅವನ ಭಂಡಾರಿ. ಮಂಟಪಕ್ಕೆ ಕಾಯ್ದೆ ಮಾಡುವ, ತೆರಿಗೆ ಹಾಕುವ, ದೊರೆಯನ್ನು ತಡೆಯುವ ಅಧಿಕಾರ ಇರಲಿಲ್ಲ. ಅದರ ಬೆಲೆ ಏನೆಂಬುದನ್ನು ಶರಣ ಪರಂಪರೆ ಮರೆತಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ, ಆ ಇಬ್ಬರು ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತೆಂದು ಅದು ಹೇಳುತ್ತದೆ. ದೊರೆಯ ಆಜ್ಞೆಯ ಮೇಲೆ ಮೇಲ್ಮನವಿ ಹಾಕಲು ಕಲ್ಯಾಣದಲ್ಲಿ ಜಾಗವಿರಲಿಲ್ಲ. ಇಂದು ಅಂಥ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆಯ ಆಸರೆ ಇದೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮಾಡಿಕೊಂಡ ಮದುವೆಗೆ ಯಾವ ಜಾತಿ ಪಂಚಾಯಿತಿಯೂ ಅಡ್ಡ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದರೂ ಜಾತಿ, ಧರ್ಮ ಮೀರಿ ಮದುವೆಯಾದವರ ಜೀವ ತೆಗೆದ ಸುದ್ದಿಯನ್ನು ಬಸವಣ್ಣನವರು ಹುಟ್ಟಿದ ಈ ಜಿಲ್ಲೆಯೂ ಓದಬೇಕಾಗಿ ಬಂದಿದೆ. ಕಾಯ್ದೆ ಇದ್ದರೂ ಊರಿನ ಒಪ್ಪಿಗೆಯೇ ದೊಡ್ಡದೆಂದು ಬಗೆದ ಕಡೆ ಹೀಗಾಗುತ್ತದೆ.

ನಂಬಿಕೆ: ಸಂಸತ್ತಿನಲ್ಲಿ ಸಾಕಷ್ಟು ಸ್ಥಾನ ಇದ್ದರೆ ಏನನ್ನೂ ಬದಲಿಸಬಹುದು

ಇದನ್ನು ತಡೆದ ಮೊಕದ್ದಮೆ ಹೊರಟದ್ದು ಕನ್ನಡದ ಮಠವೊಂದರಿಂದ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಹೋಗುತ್ತದೆಂದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷ 352 ಸ್ಥಾನ ಗೆದ್ದು, ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದೆಂದು ತಿದ್ದುಪಡಿ ತಂದಿತು. ಮೊಕದ್ದಮೆ ಜಮೀನನ್ನು ದಾಟಿ ಆ ಪ್ರಶ್ನೆಗೇ ಬಂದು ನಿಂತಿತು. 13 ನ್ಯಾಯಮೂರ್ತಿಗಳ ಮುಂದೆ 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು 7–6ರ ತೀರ್ಪು ಬಂತು: ತಿದ್ದಬಹುದು, ಆದರೆ ಮೂಲ ಸ್ವರೂಪ ಕೆಡಿಸುವಂತಿಲ್ಲ. ಆ ಮೂಲ ಸ್ವರೂಪದ ಪಟ್ಟಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ಗಣರಾಜ್ಯ ಮತ್ತು ಪ್ರಜಾಸತ್ತೆ ಎರಡನ್ನೂ ಜೊತೆಗೇ ಇಟ್ಟರು.

ಒಂದೇ ಒಂದು ಮತದ ಅಂತರ. ನಾವು ಲಘುವಾಗಿ ತೆಗೆದುಕೊಂಡಿರುವ ಎಷ್ಟೋ ಹಕ್ಕುಗಳು ಅಷ್ಟರ ಮೇಲೆ ನಿಂತಿವೆ.

ನಂಬಿಕೆ: ಲಕ್ಷ ಜನರಿಗೆ ನೀರು ಸಿಗುವಾಗ ಕೆಲವೇ ಊರು ಮುಳುಗಿದರೆ ಕೇಳುವಂತಿಲ್ಲ

ಈ ನಾಲ್ಕು ತಾಲ್ಲೂಕುಗಳಷ್ಟು ಈ ಪ್ರಶ್ನೆಯನ್ನು ಉಂಡವರು ಕಡಿಮೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ನದಿಯ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರ ಅಣೆಕಟ್ಟೆಯ ನೀರು ಇಂಡಿ ಶಾಖಾ ಕಾಲುವೆಯಲ್ಲಿ ಸಿಂದಗಿ, ಇಂಡಿಯ ಒಣ ಹೊಲಗಳ ಕಡೆ ಹರಿಯಿತು. ಅದೇ ಕೃಷ್ಣೆಯ ಹಿನ್ನೀರು ಬಾಗೇವಾಡಿ, ಮುದ್ದೇಬಿಹಾಳ ಕಡೆಯ ದಡದ ಊರುಗಳನ್ನು ನುಂಗಿತು. ಆಗ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೊಲ್ಹಾರ ಬೇರೆ ಜಾಗಕ್ಕೆ ಎದ್ದು ಬಂತು. ಇಂದಿಗೂ ಬಸ್ಸು ನಿಂತೊಡನೆ ಮಣ್ಣಿನ ಗಡಿಗೆಯಲ್ಲಿ ಮೊಸರು ಮಾರುವ ಆ ಊರಿನ ಹಳೆಯ ಮನೆಗಳು ನೀರಿನಡಿ ಇವೆ.

ತಲೆ ಎಣಿಸಿದರೆ ನೀರು ಪಡೆದವರೇ ಹೆಚ್ಚು, ಮತಕ್ಕೆ ಹಾಕಿದರೆ ಗೆಲ್ಲುವವರೂ ಅವರೇ. ಯೋಜನೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಬರದಲ್ಲಿ ಗುಳೆ ಹೋದವರ ಮಕ್ಕಳು ಇಂದು ನಿಂಬೆ, ದ್ರಾಕ್ಷಿ ಬೆಳೆಯುತ್ತಿದ್ದಾರೆ. ಆದರೆ ಮುಳುಗಿದವನ ಹಕ್ಕು ಎಣಿಕೆಯಿಂದ ಅಳಿಯುವುದಿಲ್ಲ. ಆಸ್ತಿ 1978ರ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿಯದಿದ್ದರೂ, ಕಾಯ್ದೆಯ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂದು 300ಎ ವಿಧಿ ಹೇಳುತ್ತದೆ. ಅಂದರೆ ನೋಟಿಸು ಕೊಡಬೇಕು, ತಕರಾರು ಕೇಳಬೇಕು, ಪರಿಹಾರ ಕೊಡಬೇಕು. 2013ರ ಭೂಸ್ವಾಧೀನ ಕಾಯ್ದೆ ಬೆಲೆಯ ಮೇಲೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಸೇರಿಸಿ ಕೊಡಬೇಕೆನ್ನುತ್ತದೆ. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗುವ ಹೊಲಗಳಿಗೂ ಇದೇ ದಾರಿ.

ಪರಿಹಾರ ಸಾಲದೆಂದು ರೈತ ಕೋರ್ಟಿಗೆ ಹೋಗಿ, ಹೆಚ್ಚಿನ ಮೊತ್ತಕ್ಕೆ ಆದೇಶವಾಗಿ, ಸರ್ಕಾರ ವರ್ಷಗಟ್ಟಲೆ ಕೊಡದೆ ಹೋದಾಗ ಉತ್ತರ ಕರ್ನಾಟಕದಲ್ಲಿ ನಡೆಯುವುದನ್ನು ಪತ್ರಿಕೆ ಓದುವವರು ನೋಡಿಯೇ ಇರುತ್ತಾರೆ. ಕೋರ್ಟಿನ ಅಮೀನರು ಜಪ್ತಿ ವಾರಂಟ್ ಹಿಡಿದು ಸರ್ಕಾರಿ ಕಚೇರಿಗೆ ಬರುತ್ತಾರೆ. ಕುರ್ಚಿ, ಕಂಪ್ಯೂಟರು, ಕೆಲವೊಮ್ಮೆ ಸಾಹೇಬರ ಜೀಪು ಹೊರಗೆ ಬರುತ್ತವೆ. ಜೊತೆಗೆ ವಕೀಲರು, ಅರ್ಜಿ ಹಾಕಿದ ರೈತ. ಆ ಸರ್ಕಾರವನ್ನು ಆರಿಸಿದ್ದು ಲಕ್ಷಾಂತರ ಮತದಾರರು. ಅದರ ಕುರ್ಚಿ ಎತ್ತಿಸಲು ಒಬ್ಬ ರೈತನ ಹೆಸರಿನ ಒಂದು ಆದೇಶ ಸಾಕಾಯಿತು.