ಸೆರೊ ಸಮೀಕ್ಷೆ

ಸೆರೊ ಸಮೀಕ್ಷೆ ಅಥವಾ ಪ್ರತಿಕಾಯ ಸಮೀಕ್ಷೆ ಎಂಬುದು ಒಂದು ಪ್ರದೇಶದ ಜನರ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಅವರಲ್ಲಿ ಎಷ್ಟು ಮಂದಿಯ ದೇಹದಲ್ಲಿ ನಿರ್ದಿಷ್ಟ ವೈರಾಣುವಿನ ವಿರುದ್ಧ ಪ್ರತಿಕಾಯಗಳಿವೆ ಎಂಬುದನ್ನು ಅಂದಾಜು ಮಾಡುವ ವಿಧಾನವಾಗಿದೆ. ಸೋಂಕು ತಗಲಿಯೂ ಕಾಯಿಲೆ ಬೀಳದವರು ಮತ್ತು ಆಸ್ಪತ್ರೆಗೆ ಬಾರದವರು ರೋಗಿಗಳ ಅಧಿಕೃತ ಲೆಕ್ಕದಲ್ಲಿ ಸೇರುವುದಿಲ್ಲ. ಅವರನ್ನೂ ಲೆಕ್ಕಕ್ಕೆ ತರುವುದು ಈ ಸಮೀಕ್ಷೆಯ ಉದ್ದೇಶ. ಮಾದರಿಗಳನ್ನು ಮನೆಮನೆಗೆ ತೆರಳಿ ಸಂಗ್ರಹಿಸಬಹುದು, ಆಸ್ಪತ್ರೆಗೆ ಬರುವವರಿಂದ ಪಡೆಯಬಹುದು ಅಥವಾ ರಕ್ತನಿಧಿಗಳಲ್ಲಿ ದಾನಿಗಳು ನೀಡಿದ ರಕ್ತದಿಂದ ತೆಗೆದುಕೊಳ್ಳಬಹುದು. ಕರ್ನಾಟಕದಲ್ಲಿ ಕೋವಿಡ್-19 ಕಾಲದ ರಾಜ್ಯವ್ಯಾಪಿ ಸಮೀಕ್ಷೆಗಳು ಇದಕ್ಕೆ ಪ್ರಮುಖ ಉದಾಹರಣೆಗಳಾಗಿವೆ.

ಕಾರ್ಯವಿಧಾನ

ವೈರಾಣು ದೇಹವನ್ನು ಪ್ರವೇಶಿಸಿದಾಗ ರೋಗನಿರೋಧಕ ವ್ಯವಸ್ಥೆಯು ಅದನ್ನು ಗುರುತಿಸಿ ಬಂಧಿಸುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಇವೇ ಪ್ರತಿಕಾಯಗಳು. ಸಾಮಾನ್ಯವಾಗಿ ಐಜಿಎಂ ಎಂಬ ಬಗೆಯು ಮೊದಲು ಕಾಣಿಸಿಕೊಂಡು ಬೇಗ ಕಡಿಮೆಯಾಗುತ್ತದೆ; ಐಜಿಜಿ ಎಂಬ ಬಗೆಯು ತಿಂಗಳುಗಟ್ಟಲೆ, ಕೆಲವು ರೋಗಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಹಿಂದಿನ ಸೋಂಕನ್ನು ತಿಳಿಯಲು ಐಜಿಜಿ ಪರೀಕ್ಷೆಯನ್ನು ಬಳಸುತ್ತಾರೆ. ರಕ್ತ ಹೆಪ್ಪುಗಟ್ಟಿದ ಬಳಿಕ ಮೇಲೆ ನಿಲ್ಲುವ ತಿಳಿದ್ರವವಾದ ಸೀರಮನ್ನು ಬೇರ್ಪಡಿಸಿ, ಎಲೈಸಾ ಎಂಬ ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಭಾರತದಲ್ಲಿ ಕೋವಿಡ್ ಸಮೀಕ್ಷೆಗಳಿಗಾಗಿ ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯು 2020ರಲ್ಲಿ ‘ಕೋವಿಡ್ ಕವಚ್’ ಎಂಬ ಎಲೈಸಾ ಕಿಟ್ಟನ್ನು ಅಭಿವೃದ್ಧಿಪಡಿಸಿತು.

ಯಾವ ಪರೀಕ್ಷೆಯೂ ಪೂರ್ಣ ನಿಖರವಲ್ಲ. ಉದಾಹರಣೆಗೆ, 1,000 ಜನರಲ್ಲಿ 10 ಮಂದಿಗೆ ಮಾತ್ರ ಸೋಂಕು ತಗಲಿದೆ ಎಂದುಕೊಳ್ಳೋಣ. ಪರೀಕ್ಷೆಯು ಸೋಂಕಿತರಲ್ಲಿ ಶೇ. 90ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸಿದರೆ 9 ಮಂದಿ ಸಿಗುತ್ತಾರೆ. ಅದೇ ಪರೀಕ್ಷೆಯು ಸೋಂಕಿಲ್ಲದ 990 ಮಂದಿಯಲ್ಲಿ ಶೇ. 2ರಷ್ಟು ಜನರನ್ನು ತಪ್ಪಾಗಿ ಸೋಂಕಿತರೆಂದು ತೋರಿಸಿದರೆ, ಸುಮಾರು 20 ಮಂದಿ ಆ ಪಟ್ಟಿಗೆ ಸೇರುತ್ತಾರೆ. ಒಟ್ಟು 29 ಫಲಿತಾಂಶಗಳಲ್ಲಿ ಮೂರನೇ ಎರಡರಷ್ಟು ತಪ್ಪಾಗಿರುತ್ತವೆ. ಸೋಂಕು ವಿರಳವಾಗಿರುವಾಗ ಈ ದೋಷವು ಹೆಚ್ಚು ಪರಿಣಾಮ ಬೀರುತ್ತದೆ. ಹೀಗಾಗಿ ಸಮೀಕ್ಷಕರು ಪರೀಕ್ಷೆಯ ನಿಖರತೆಯನ್ನು ಗಣನೆಗೆ ತೆಗೆದುಕೊಂಡು ಸರಿಪಡಿಸಿದ ಶೇಕಡಾವಾರನ್ನು ಪ್ರಕಟಿಸುತ್ತಾರೆ.

ರಕ್ತದಾನಿಗಳ ಮಾದರಿಗಳು

ದಾನವಾಗಿ ಬಂದ ಪ್ರತಿಯೊಂದು ಯೂನಿಟ್ ರಕ್ತವನ್ನೂ ಭಾರತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಕಡ್ಡಾಯವಾಗಿ ಪರೀಕ್ಷಿಸಲಾಗುತ್ತದೆ. ಈ ಪರೀಕ್ಷೆಗಳ ಬಳಿಕ ಉಳಿದ ಮಾದರಿಯಲ್ಲಿ ಪ್ರತಿಕಾಯಗಳನ್ನೂ ಅಳೆಯಬಹುದಾದ್ದರಿಂದ ಹೊಸದಾಗಿ ರಕ್ತ ಪಡೆಯುವ ಅಗತ್ಯವಿರುವುದಿಲ್ಲ. ಖರ್ಚು ಕಡಿಮೆ, ತಿಂಗಳು ತಿಂಗಳೂ ಪುನರಾವರ್ತಿಸಲು ಸಾಧ್ಯ. ಅಮೆರಿಕದಲ್ಲಿ 2020ರ ಜುಲೈಯಿಂದ 2021ರ ಮೇವರೆಗೆ ರಕ್ತದಾನಿಗಳ 14 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಹೀಗೆ ಪರೀಕ್ಷಿಸಲಾಯಿತು. ಸೋಂಕಿನಿಂದ ಉಂಟಾದ ಪ್ರತಿಕಾಯಗಳಿದ್ದವರ ಪ್ರಮಾಣ ಆ ಅವಧಿಯಲ್ಲಿ ಶೇ. 3.5ರಿಂದ ಶೇ. 20.2ಕ್ಕೆ ಏರಿತ್ತು. ಲಸಿಕೆಯಿಂದ ಬಂದ ಪ್ರತಿಕಾಯಗಳನ್ನೂ ಸೇರಿಸಿದಾಗ 2021ರ ಮೇ ತಿಂಗಳ ಪ್ರಮಾಣ ಶೇ. 83.3ರಷ್ಟಿತ್ತು.

ಈ ವಿಧಾನಕ್ಕೆ ಮಿತಿಯೂ ಇದೆ. ಭಾರತದ ನಿಯಮಗಳ ಪ್ರಕಾರ ದಾನಿಯ ವಯಸ್ಸು 18ರಿಂದ 65 ವರ್ಷಗಳ ನಡುವೆ ಇರಬೇಕು. ಹಿಮೋಗ್ಲೋಬಿನ್ ಪ್ರಮಾಣ 12.5 ಗ್ರಾಂಗಿಂತ ಕಡಿಮೆ ಇರಬಾರದು. ಮಕ್ಕಳು, ವೃದ್ಧರು, ಗರ್ಭಿಣಿಯರು ಮತ್ತು ರಕ್ತಹೀನತೆ ಇರುವವರು ಈ ಲೆಕ್ಕದಿಂದ ಹೊರಗುಳಿಯುತ್ತಾರೆ. ದಾನಿಗಳಲ್ಲಿ ಮಹಿಳೆಯರ ಪಾಲೂ ತೀರ ಕಡಿಮೆ. ಆದ್ದರಿಂದ ದಾನಿಗಳ ಅಂಕಿಯು ಕಾಲಕ್ರಮದಲ್ಲಿ ಆಗುವ ಏರಿಳಿತವನ್ನು ಚೆನ್ನಾಗಿ ತೋರಿಸಿದರೂ, ಇಡೀ ಜನಸಮುದಾಯದ ನೇರ ಚಿತ್ರವಾಗುವುದಿಲ್ಲ.

ಕರ್ನಾಟಕದಲ್ಲಿ ಕೋವಿಡ್ ಸಮೀಕ್ಷೆಗಳು

ರಾಜ್ಯ ಸರ್ಕಾರದ ಮೊದಲ ಸುತ್ತಿನ ಸಮೀಕ್ಷೆಯು 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ಅಂದಿನ ಎಲ್ಲ 30 ಜಿಲ್ಲೆಗಳಲ್ಲಿ ನಡೆಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಎಂಟು ವಲಯಗಳನ್ನೂ ಸೇರಿಸಿ 38 ಘಟಕಗಳನ್ನು ಗುರುತಿಸಿ, ಪ್ರತಿ ಘಟಕಕ್ಕೆ 432 ಮಂದಿಯಂತೆ 16,416 ಜನರ ಗುರಿ ಇರಿಸಿಕೊಳ್ಳಲಾಗಿತ್ತು. ಗರ್ಭಿಣಿಯರು, ಬಸ್ ನಿರ್ವಾಹಕರು, ಮಾರುಕಟ್ಟೆಯ ವ್ಯಾಪಾರಿಗಳು, ಪೌರಕಾರ್ಮಿಕರು, ವೃದ್ಧರು ಹೀಗೆ ಸೋಂಕಿನ ಅಪಾಯದ ಮಟ್ಟ ಬೇರೆ ಬೇರೆಯಾಗಿರುವ ಗುಂಪುಗಳಿಂದ ಮಾದರಿಗಳನ್ನು ಪಡೆಯಲಾಯಿತು.

2020ರ ನವೆಂಬರ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ ರಾಜ್ಯದ ಶೇ. 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಮಂದಿಗೆ ಸೋಂಕು ತಗಲಿತ್ತು. ಒಬ್ಬ ಅಧಿಕೃತ ಸೋಂಕಿತನಿಗೆ ಪ್ರತಿಯಾಗಿ ಸುಮಾರು 40 ಸೋಂಕುಗಳು ಇದ್ದವು ಎಂಬುದು ಇದರ ಅರ್ಥ. ಆದರೆ ಶೇ. 27.3 ಎಂಬುದು ಕೇವಲ ಪ್ರತಿಕಾಯಗಳ ಅಂಕಿಯಲ್ಲ. ಅದರಲ್ಲಿ ಆಗ ಸಕ್ರಿಯ ಸೋಂಕು ಇದ್ದವರೂ ಸೇರಿದ್ದರು. ಐಜಿಜಿ ಪ್ರತಿಕಾಯಗಳಿದ್ದವರ ಪ್ರಮಾಣ ಶೇ. 16.4 ಮಾತ್ರ. ಇದಕ್ಕೂ ಮೊದಲು, ಜೂನ್‌ನಿಂದ ಆಗಸ್ಟ್‌ವರೆಗೆ, 20 ಜಿಲ್ಲೆಗಳ ಕುಟುಂಬಗಳನ್ನು ಆಧರಿಸಿ ಸಂಶೋಧಕರು ನಡೆಸಿದ ಪ್ರತ್ಯೇಕ ಅಧ್ಯಯನವು ಪ್ರತಿಕಾಯಗಳ ಪ್ರಮಾಣವನ್ನು ಶೇ. 46.7 ಎಂದು ಅಂದಾಜಿಸಿತ್ತು. ಮಾದರಿ ಆಯ್ಕೆಯ ಕ್ರಮ ಮತ್ತು ಪರೀಕ್ಷೆಯ ಬಗೆ ಬದಲಾದಾಗ ಅಂಕಿಗಳೂ ಬಹಳ ಬದಲಾಗುತ್ತವೆ ಎಂಬುದಕ್ಕೆ ಇದು ನಿದರ್ಶನ.

ಎರಡನೇ ಸುತ್ತು 2021ರ ಜನವರಿ-ಫೆಬ್ರುವರಿಯಲ್ಲಿ ನಡೆಯಿತು. ಐಜಿಜಿ ಪ್ರಮಾಣ ಶೇ. 15.6 ಎಂದು ಕಂಡುಬಂತು. ಶೇ. 27.3ರೊಡನೆ ಹೋಲಿಸಿದರೆ ಸೋಂಕಿತರ ಪ್ರಮಾಣ ಕುಸಿದಂತೆ ತೋರುತ್ತದೆ. ಆದರೆ ಸರಿಯಾದ ಹೋಲಿಕೆ ಶೇ. 16.4 ಮತ್ತು ಶೇ. 15.6ರ ನಡುವಿನದು. ಈ ನಡುವಿನ ತಿಂಗಳುಗಳಲ್ಲಿ ಹೊಸ ಸೋಂಕುಗಳು ಉಂಟಾಗಿದ್ದರೂ ಅಂಕಿ ಏರಲಿಲ್ಲ. ಮೊದಲೇ ಸೋಂಕು ತಗಲಿದವರಲ್ಲಿ ಪ್ರತಿಕಾಯಗಳು ಪರೀಕ್ಷೆಗೆ ಸಿಗದ ಮಟ್ಟಕ್ಕೆ ಇಳಿಯುವುದು ಇದಕ್ಕೆ ಒಂದು ಕಾರಣ. ಪ್ರತಿಕಾಯ ಕಾಣದಿದ್ದ ಮಾತ್ರಕ್ಕೆ ರೋಗನಿರೋಧಕ ಶಕ್ತಿ ಪೂರ್ತಿ ಇಲ್ಲವಾಯಿತೆಂದು ಹೇಳಲಾಗದು. ಸ್ಮೃತಿ ಕೋಶಗಳು ಉಳಿದಿರಬಹುದು. ಹಾಗೆಯೇ, ಪ್ರತಿಕಾಯ ಇದ್ದ ಮಾತ್ರಕ್ಕೆ ಮರುಸೋಂಕು ಬಾರದೆಂದೂ ಹೇಳಲಾಗದು.

ಇದಾದ ಕೆಲವೇ ವಾರಗಳಲ್ಲಿ ಎರಡನೇ ಅಲೆ ಆರಂಭವಾಯಿತು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣಗಳು ವರದಿಯಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅದೇ ವರ್ಷದ ಜೂನ್-ಜುಲೈಯಲ್ಲಿ ನಡೆಸಿದ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಪ್ರಮಾಣ ಶೇ. 67.6, ಕರ್ನಾಟಕದ ಪ್ರಮಾಣ ಶೇ. 69.8 ಎಂದು ಕಂಡುಬಂತು. ಆ ವೇಳೆಗೆ ಲಸಿಕಾ ಅಭಿಯಾನ ಆರಂಭವಾಗಿದ್ದರಿಂದ ಸೋಂಕಿನಿಂದ ಬಂದ ಪ್ರತಿಕಾಯಗಳ ಜೊತೆಗೆ ಲಸಿಕೆಯಿಂದ ಬಂದವೂ ಇದರಲ್ಲಿ ಸೇರಿದ್ದವು. ಕೋವಿಶೀಲ್ಡ್ ಲಸಿಕೆಯು ವೈರಾಣುವಿನ ಮುಳ್ಳು ಪ್ರೋಟೀನಿನ ವಿರುದ್ಧ ಮಾತ್ರ ಪ್ರತಿಕಾಯಗಳನ್ನು ಉಂಟುಮಾಡುವುದರಿಂದ, ಲಸಿಕೆ ಮತ್ತು ಸೋಂಕನ್ನು ಪರೀಕ್ಷೆಯಲ್ಲಿ ಬೇರ್ಪಡಿಸಬಹುದು. ಕೋವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ಇಡೀ ವೈರಾಣುವಿನಿಂದ ತಯಾರಾದುದರಿಂದ ಅಲ್ಲಿ ಈ ವಿಂಗಡಣೆ ಕಷ್ಟ.

ಕೋಲಾರ ಜಿಲ್ಲೆ ಮತ್ತು ಶ್ರೀನಿವಾಸಪುರ

ಕೋಲಾರ ಜಿಲ್ಲೆಯಲ್ಲಿ ವೈರಾಣು ಅಧ್ಯಯನಕ್ಕೆ ಕೋವಿಡ್‌ಗಿಂತ ಹಳೆಯ ಇತಿಹಾಸವಿದೆ. 1977-78ರಲ್ಲಿ ಇಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರ ಹರಡಿದಾಗ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ನಡೆಸಿದರು. 1977ರಿಂದ 1979ರ ನಡುವೆ ಜಿಲ್ಲೆಯಲ್ಲಿ ಹಿಡಿದ ಸೊಳ್ಳೆಗಳಿಂದ ಈ ವೈರಾಣುವಿನ ಜೊತೆಗೆ ವೆಸ್ಟ್ ನೈಲ್ ವೈರಾಣುವನ್ನೂ ಬೇರ್ಪಡಿಸಲಾಯಿತು. ಇವೆರಡೂ ಡೆಂಗಿ ವೈರಾಣುವಿನ ಕುಲಕ್ಕೇ ಸೇರಿದವು. ಒಂದರ ಪ್ರತಿಕಾಯಗಳು ಮತ್ತೊಂದರ ಪರೀಕ್ಷೆಯಲ್ಲೂ ಸ್ಪಂದಿಸುವುದರಿಂದ, ಇಂತಹ ಪ್ರದೇಶದಲ್ಲಿ ಎಲೈಸಾ ಫಲಿತಾಂಶವನ್ನು ತಟಸ್ಥೀಕರಣ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕಾಗುತ್ತದೆ.

ಜಪಾನೀಸ್ ಎನ್ಸೆಫಲೈಟಿಸ್ ಸೋಂಕು ತಗಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ತೀವ್ರ ಕಾಯಿಲೆ ಬರುತ್ತದೆ. ಹೀಗಾಗಿ ಸೋಂಕಿನ ನಿಜವಾದ ವ್ಯಾಪ್ತಿ ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು. ಆದರೆ ಈ ವೈರಾಣು ಹಂದಿ, ನೀರುಹಕ್ಕಿ ಮತ್ತು ಸೊಳ್ಳೆಗಳ ನಡುವೆ ಸುತ್ತುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಊರಿನ ಬಹುಪಾಲು ವಯಸ್ಕರಲ್ಲಿ ಪ್ರತಿಕಾಯಗಳಿದ್ದರೂ ಲಸಿಕೆ ಪಡೆಯದ ಮಗುವಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಬಾಧಿಸುವುದು ಮಕ್ಕಳನ್ನೇ. ವಯಸ್ಕ ರಕ್ತದಾನಿಗಳ ಮಾದರಿಯಲ್ಲಿ ಅವರು ಇರುವುದೇ ಇಲ್ಲ.

ಅಂದಿನ ಕೋಲಾರ ಜಿಲ್ಲೆಯ ಅಂಕಿಗಳನ್ನು ಇಂದಿನ ಜಿಲ್ಲೆಗೆ ನೇರವಾಗಿ ಅನ್ವಯಿಸಲಾಗದು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ಅಂಕಿಯನ್ನು ತಾಲ್ಲೂಕಿಗೆ ಅನ್ವಯಿಸುವುದೂ ಸರಿಯಲ್ಲ. ಕೋಲಾರ, ಮಾಲೂರು, ಬಂಗಾರಪೇಟೆ, ಕೆ.ಜಿ.ಎಫ್., ಮುಳಬಾಗಿಲು ಮತ್ತು ಶ್ರೀನಿವಾಸಪುರ ಎಂಬ ಆರು ತಾಲ್ಲೂಕುಗಳಿಗೆ 432 ಮಾದರಿಗಳನ್ನು ಸಮವಾಗಿ ಹಂಚಿದರೆ ಒಂದೊಂದಕ್ಕೆ 72 ಮಾತ್ರ ಬರುತ್ತವೆ. 432 ಮಾದರಿಗಳಲ್ಲಿ ಶೇ. 27 ಎಂದು ಕಂಡರೆ ನಿಜಸಂಖ್ಯೆ ಸುಮಾರು 23ರಿಂದ 31ರ ನಡುವೆ ಇರಬಹುದು. 72 ಮಾದರಿಗಳಲ್ಲಿ ಅದೇ ಅಂಕಿ ಬಂದರೆ ಅದು 17ರಿಂದ 37ರವರೆಗೆ ಎಲ್ಲಿಯಾದರೂ ಇರಬಹುದು. ಮಾವಿನ ವಹಿವಾಟಿಗೆ ಹೆಸರಾದ ಶ್ರೀನಿವಾಸಪುರದಂತಹ ಊರಿನಲ್ಲಿ ಸುಗ್ಗಿಯ ವೇಳೆ ಮಾರುಕಟ್ಟೆಯಲ್ಲಿ ಪಡೆದ ಮಾದರಿಯಲ್ಲಿ ಹೊರಗಿನಿಂದ ಬಂದವರೂ ಸೇರಿರಬಹುದು ಎಂಬುದನ್ನು ಗಮನಿಸಬೇಕಾಗುತ್ತದೆ.

ಫಲಿತಾಂಶಗಳ ಬಳಕೆ

ಲಸಿಕೆಯನ್ನು ಯಾವ ವಯೋಮಾನದವರಿಗೆ ಮೊದಲು ನೀಡಬೇಕು, ಯಾವ ಜಿಲ್ಲೆಯಲ್ಲಿ ಪರೀಕ್ಷೆಗಳನ್ನು ಹೆಚ್ಚಿಸಬೇಕು, ಸೋಂಕಿತರಲ್ಲಿ ಮರಣದ ಪ್ರಮಾಣ ಎಷ್ಟು ಎಂಬ ಪ್ರಶ್ನೆಗಳಿಗೆ ಸೆರೊ ಸಮೀಕ್ಷೆಗಳು ಉತ್ತರ ಒದಗಿಸುತ್ತವೆ. ಯಾರ ರಕ್ತ, ಯಾವ ತಿಂಗಳು, ಯಾವ ಪರೀಕ್ಷೆ ಎಂಬ ಮೂರು ವಿವರಗಳಿಲ್ಲದೆ ಎರಡು ಸಮೀಕ್ಷೆಗಳ ಶೇಕಡಾವಾರುಗಳನ್ನು ಹೋಲಿಸಲು ಸಾಧ್ಯವಿಲ್ಲ. ಒಬ್ಬ ವ್ಯಕ್ತಿ ಸುರಕ್ಷಿತನೇ ಎಂಬುದನ್ನು ನಿರ್ಧರಿಸಲೂ ಈ ಅಂಕಿಗಳನ್ನು ಬಳಸುವಂತಿಲ್ಲ; ಅವು ಜನಸಮುದಾಯದ ಅಂದಾಜುಗಳು ಮಾತ್ರ.