ಮುದಿ ಫಿಯೆಟ್ಟಿನ ಗೊಣಗಾಟ

ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯು ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದ 2023ರ ಅಕ್ಟೋಬರಿನಲ್ಲಿ ಮರೆಯಾಯಿತು. 2003ರಲ್ಲಿ ನೋಂದಣಿಯಾದ ಕೊನೆಯ ಗಾಡಿಗೆ ನಿಯಮದಂತೆ 20 ವರ್ಷ ತುಂಬಿತ್ತು. ಜನರ ಬಾಯಲ್ಲಿ ಅದೆಂದಿಗೂ ಫಿಯೆಟ್ಟೇ. ಮಾಟುಂಗದ ನಮ್ಮ ಮಿತ್ರರೊಬ್ಬರು, ನಿವೃತ್ತ ಗುಮಾಸ್ತರು, ಸ್ವಂತಕ್ಕೆಂದು ಒಂದನ್ನು ಇನ್ನೂ ಸಾಕಿಕೊಂಡಿದ್ದಾರೆ.

ಕಳೆದ ತಿಂಗಳು ಅದರ ಅಡಿಯಿಂದ ಗುರ್ರೆಂಬ ಸದ್ದು ಹೊರಡಲು, ಗ್ಯಾರೇಜಿನವರೊಬ್ಬರು ಗೇರ್‌ಬಾಕ್ಸನ್ನೇ ಬದಲಿಸಬೇಕೆಂದರು. ಪಿಂಚಣಿಯ ಹಣದಲ್ಲಿ ಅದು ಆಗುವ ಮಾತೇ? ಮನೆಗೆ ಗುಜರಿಯವನೂ ಬಂದು ಹೋದ.

ಬಿಚ್ಚುವ ಮುನ್ನ ಕಿವಿಗೊಡಬೇಕು. ರುಬ್ಬುವ ಯಂತ್ರದ ಸದ್ದಿನಿಂದಲೇ ಬೇರಿಂಗು ಸವೆದುದನ್ನು ಅರಿಯಬಲ್ಲ ಹೋಟೆಲಿನ ವಾಚಕರಿಗೆ ಇದು ಹೊಸದಲ್ಲ. ಗಾಡಿ ನಿಂತಿರಲಿ, ಇಂಜಿನು ನಡೆಯುತ್ತಿರಲಿ, ಗೇರು ನ್ಯೂಟ್ರಲಿನಲ್ಲಿರಲಿ. ಕ್ಲಚ್ ಒತ್ತಿದೊಡನೆ ಸದ್ದು ಅಡಗಿದರೆ ದೋಷವು ಪೆಟ್ಟಿಗೆಯ ಮುಂದಿನ ಶಾಫ್ಟಿನ ಅಥವಾ ಲೇಶಾಫ್ಟಿನ ಬೇರಿಂಗಿನಲ್ಲಿರುವ ಸಂಭವವೇ ಹೆಚ್ಚು. ಒತ್ತಿದಾಗ ಅವೆರಡೂ ತಿರುಗದೆ ನಿಲ್ಲುತ್ತವೆ. ಓಟದಲ್ಲಿ ಮೊದಲ ಮೂರು ಗೇರುಗಳಲ್ಲಿ ಗೊಣಗಿ ನಾಲ್ಕನೆಯದರಲ್ಲಿ ಸುಮ್ಮನಾದರೆ ಲೇಶಾಫ್ಟನ್ನೇ ಶಂಕಿಸತಕ್ಕದ್ದು, ಏಕೆಂದರೆ ಟಾಪ್ ಗೇರಿನಲ್ಲಿ ಬಲವು ನೇರವಾಗಿ ಹಿಂದಕ್ಕೆ ಸಾಗುವುದರಿಂದ ಅದರ ಮೇಲೆ ಭಾರವಿಲ್ಲ. ಕ್ಲಚ್ ಒತ್ತಿದಾಗಲೇ ಸದ್ದು ಹುಟ್ಟಿದರೋ, ಹೆಚ್ಚಾಗಿ ಪೆಟ್ಟಿಗೆ ನಿರಪರಾಧಿ. ತಪ್ಪು ಕ್ಲಚ್ಚಿನ ರಿಲೀಸ್ ಬೇರಿಂಗಿನದು.

ಭಾನುವಾರ ಮುಂಜಾನೆ, ಕಿಂಗ್ಸ್ ಸರ್ಕಲಿನಲ್ಲಿ ಸಂದಣಿ ಏರುವ ಮೊದಲೇ, ನಾವು ಅವರ ಪಕ್ಕದಲ್ಲಿ ಕುಳಿತು ಕೇಳಿದೆವು. ಒತ್ತಿದಾಗ ಸದ್ದೆದ್ದಿತು, ಬಿಟ್ಟಾಗ ಅಡಗಿತು. ಆ ಬೇರಿಂಗಿಗಾಗಿಯೂ ಪೆಟ್ಟಿಗೆಯನ್ನು ಕೆಳಗಿಳಿಸಲೇಬೇಕು, ಕೂಲಿ ತಪ್ಪದು. ಆದರೆ ಹೊಸ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಲ್ಲ. ಸಂಜೆ ಮತ್ತೆ ಬಂದ ಗುಜರಿಯವನಿಗೆ ಚಹಾ ಕೊಟ್ಟು ಕಳುಹಿಸಲಾಯಿತು.