ಬಿಡುವಿಲ್ಲದವರ ಕಲೆ

ಪ್ರಶ್ನೆ: ಮನೆಗೆಲಸದಲ್ಲಿಯೇ ಹಗಲೆಲ್ಲ ಕಳೆದುಹೋಗುವವರು ಕಲಾಸೃಷ್ಟಿಯ ಆಸೆಯನ್ನಿಟ್ಟುಕೊಳ್ಳಬಹುದೆ?

ಉತ್ತರ: ಧಾರಾಳವಾಗಿ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಅಡಿಗೆ, ನೀರು, ಶಿಶುಪಾಲನೆಗಳ ನಡುವೆ ದೊರೆತ ಅಲ್ಪಾವಕಾಶದಲ್ಲಿಯೇ, ಇಳಕಲ್ ಸೀರೆಯ ಸೆರಗಿನ ಮೇಲೂ ಕುಪ್ಪಸದ ಖಣದ ಮೇಲೂ ಗೋಪುರ, ತೇರು, ತುಳಸೀವೃಂದಾವನ, ಅಂಬಾರಿಯಾನೆಗಳನ್ನು ತಲೆಮಾರುಗಳಿಂದ ಮೂಡಿಸುತ್ತ ಬಂದಿರುವ ಕಸೂತಿಯೇ ಇದಕ್ಕೆ ಪ್ರತ್ಯಕ್ಷ ಪ್ರಮಾಣ. ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳದೆ, ಹಾಸುಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಸೂಜಿಯನ್ನು ನಡೆಸಬೇಕು, ಗಂಟು ಹಾಕುವಂತಿಲ್ಲ. ಗಾವಂಟಿ ಎಂಬ ಹೊಲಿಗೆಯಲ್ಲಿ, ಮುಂದಕ್ಕೆ ಸಾಗುವಾಗ ಒಂದೊಂದು ಎಡೆಯನ್ನು ಬಿಟ್ಟು, ಹಿಂದಿರುಗುವಾಗ ಆ ಎಡೆಗಳನ್ನೆಲ್ಲ ತುಂಬುತ್ತ ಬರುವುದರಿಂದ, ಬಟ್ಟೆಯ ಉಭಯ ಪಾರ್ಶ್ವಗಳಲ್ಲಿಯೂ ಚಿತ್ತಾರವು ಒಂದೇ ತೆರನಾಗಿ ಕಾಣುವುದು. ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿಗೂ ಈ ಗುಣವುಂಟು. ನೇಯ್ಗೆಯನ್ನು ಹೋಲುವ ನೇಗಿಯೂ ಒಂದನ್ನೊಂದು ಕತ್ತರಿಸುವ ಓರೆಗೆರೆಗಳ ಮೆಂತಿಯೂ ಬೇರೆ ಜಾತಿಯವು.

ಇಷ್ಟು ಕಟ್ಟುನಿಟ್ಟು ಕಲ್ಪನೆಯನ್ನು ಕುಂಠಿತಗೊಳಿಸದೆಂದೇ ನನ್ನ ದೃಢವಾದ ಅಭಿಪ್ರಾಯ. ಬರಿಯ ನೇರ ಗೆರೆಗಳಿಂದ ಗಿಳಿಯ ಕೊರಳಿನ ಬಾಗನ್ನು ಸಾಧಿಸಬೇಕಾದವಳಿಗೆ ಎಳೆಯೆಳೆಗೂ ಹೊಸ ಯೋಚನೆ ಅನಿವಾರ್ಯ. ಮೇಲಾಗಿ, ಒಲೆಯ ಮೇಲಿನ ಹಾಲು ಉಕ್ಕಿದರೆ ಸೂಜಿಯನ್ನು ಬಟ್ಟೆಯಲ್ಲಿಯೇ ಚುಚ್ಚಿಟ್ಟು ಎದ್ದುಹೋಗಬಹುದು. ಮರಳಿ ಬಂದಾಗ ಕೆಲಸವು ನಿಂತಲ್ಲಿಯೇ ಇರುತ್ತದೆ. ಆದುದರಿಂದ ನೀವು ಆರಿಸಿಕೊಳ್ಳುವ ಕಲೆ ಯಾವುದೇ ಇರಲಿ, ನಡುವೆ ನಿಲ್ಲಿಸಿ ಮತ್ತೆ ಹಿಡಿಯಬಲ್ಲಂಥದಾಗಿರಲಿ. ಅದರ ಸಾಮಗ್ರಿಯನ್ನು ಪೆಟ್ಟಿಗೆಯಲ್ಲಿ ಭದ್ರಪಡಿಸದೆ, ನೀವು ದಿನವೂ ಕುಳಿತುಕೊಳ್ಳುವಲ್ಲಿ ಕೈಗೆಟಕುವಂತೆ ಇಟ್ಟುಕೊಳ್ಳಿರಿ.